ಒಂದು ಸೇರು ತೌಡು

ವಿದ್ಯಾರ್ಥಿನಿಯರ ಹಾಸ್ಟೆಲ್, ಕೊಪ್ಪ
12 ಆಗಸ್ಟ್ 2023

ಸಿಗ್ನೆ ಅವರಿಗೆ,

ನಮಸ್ಕಾರ. ಈ ಪತ್ರವನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲ ಎರಡನ್ನು ಇಂಗ್ಲಿಷಿನಲ್ಲಿ ಶುರು ಮಾಡಿ ಹರಿದು ಹಾಕಿದೆ. ನನ್ನದು ಅರ್ಧ ಇಂಗ್ಲಿಷ್. ಓದಿದರೆ ತಿಳಿಯುತ್ತದೆ, ಬರೆಯಲು ಕೂತರೆ ಕೈ ಬೆವರುತ್ತದೆ. ನಿಮ್ಮ ಪರವಾಗಿ ನಮ್ಮನ್ನು ಹುಡುಕಿದ ಸಂಸ್ಥೆಯ ಯಶವಂತ ಸರ್, "ಕನ್ನಡದಲ್ಲೇ ಬರಿ ಮಾರಾಯ್ತಿ, ಶ್ವೇತ ಮೇಡಂ ಇಂಗ್ಲಿಷ್ ಮಾಡಿ ಕಳಿಸ್ತಾರೆ" ಅಂದರು. ಮೊದಲ ವರ್ಷ ಫೋನ್ ಇಲ್ಲ, ಪತ್ರ ಮಾತ್ರ ಎನ್ನುವುದು ಸಂಸ್ಥೆಯ ರೂಲ್ ಅಂತೆ. ನನಗೆ ಅದೇ ಒಳ್ಳೆಯದಾಯಿತು. ಫೋನಿನಲ್ಲಿ ನನಗೆ ಮಾತೇ ಬರುವುದಿಲ್ಲ.

ನಾನು ಪವಿತ್ರಾ. ಬಿ.ಎ. ಮೊದಲ ವರ್ಷ. ಆರನೇ ಕ್ಲಾಸಿನಿಂದ ಶೃಂಗೇರಿ ಹತ್ತಿರದ ವಸತಿ ಶಾಲೆಯಲ್ಲಿ ಓದಿದ್ದು, ಈಗ ಇಲ್ಲಿ. ಮನೆಯಲ್ಲಿ ಇದ್ದದ್ದಕ್ಕಿಂತ ಹಾಸ್ಟೆಲಿನಲ್ಲಿ ಇದ್ದದ್ದೇ ಹೆಚ್ಚು. ಅಪ್ಪ ಹೂವಪ್ಪ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಅವ್ವ ಸಣ್ಣಕ್ಕ. ಮೇಗುಂದದ ಕಡೆ ಕಾಫಿ ಎಸ್ಟೇಟಿನಲ್ಲಿ ಕೆಲಸ.

ನನಗೊಬ್ಬ ಅಕ್ಕ ಇದ್ದಾಳೆ, ಅವಳನ್ನು ನಾಲ್ಕು ವರ್ಷದವಳಿದ್ದಾಗ ಡೆನ್ಮಾರ್ಕಿನವರು ದತ್ತು ತೆಗೆದುಕೊಂಡರು ಎನ್ನುವುದು ಯಶವಂತ ಸರ್ ಬರುವವರೆಗೂ ನನಗೆ ಗೊತ್ತಿರಲಿಲ್ಲ. ನೀವು ಇದ್ದ ಅನಾಥಾಶ್ರಮದ ಹಳೇ ರಿಜಿಸ್ಟರಿನಲ್ಲಿ ಅವ್ವನ ಹೆಸರು ಸಿಕ್ಕಿತಂತೆ. ರಕ್ತಸಂಬಂಧ ನೋಡುವ ಎಂಜಲು ಟೆಸ್ಟೂ ಹೊಂದಿತು. ಆಮೇಲೆ ನಿಮ್ಮ ಫೋಟೋ ಕೊಟ್ಟರು. ಮೂಗು ನನ್ನದೇ, ಬಣ್ಣವೂ ನನ್ನದೇ. ಕೂತಿರುವ ರೀತಿ ಮಾತ್ರ ಬೇರೆ. ನೀವು ಕುರ್ಚಿ ಪೂರ್ತಿ ನಿಮ್ಮದೇ ಎನ್ನುವ ಹಾಗೆ ಕೂತಿದ್ದೀರಿ.

ಅವ್ವ ಚೆನ್ನಾಗಿದ್ದಾಳೆ. ನಿಮ್ಮ ಫೋಟೋ ನೋಡಿ ತುಂಬ ಖುಷಿಪಟ್ಟಳು. ನಿಮ್ಮನ್ನು ಏನೆಂದು ಕರೆಯಬೇಕು, ತಿಳಿಸಿ. ತಪ್ಪಿದ್ದರೆ ಸಾರಿ.

ಇಂತಿ,
ಪವಿತ್ರಾ

—

ಆಲ್ಬೋರ್ಗ್
20 ಸೆಪ್ಟೆಂಬರ್ 2023

ಪ್ರಿಯ ಪವಿತ್ರಾ,

ನಿನ್ನ ಪತ್ರವನ್ನು ಹನ್ನೊಂದು ಬಾರಿ ಓದಿದ್ದೇನೆ. ಸಿಗ್ನೆ ಎಂದೇ ಕರೆ. ಅಕ್ಕ ಎಂದು ಕರೆಯಲು ಇಷ್ಟವಿದ್ದರೆ ಹಾಗೆಯೇ ಕರೆಯಬಹುದು. ಅದರ ಉಚ್ಚಾರವನ್ನು ಅಭ್ಯಾಸ ಮಾಡಿದ್ದೇನೆ.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದಿಂದ ಮ್ಯಾಡ್ಸ್ ಎಂಬುವನೊಂದಿಗೆ ವಾಸಿಸುತ್ತಿದ್ದೇನೆ. ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ನನ್ನನ್ನು ಬೆಳೆಸಿದ ತಂದೆತಾಯಿ ಒಳ್ಳೆಯವರು. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಲ್ಲಿಯ ನೆನಪು ನನಗೆ ಒಂದೇ ಒಂದಿದೆ. ಒಬ್ಬ ಹೆಂಗಸು ದೂರದಿಂದ "ಕೂಸೇ" ಎಂದು ಕೂಗುತ್ತಾಳೆ. ನಾನು ಓಡಿ ಹೋಗುತ್ತೇನೆ. ಮುಖ ನೆನಪಿಲ್ಲ, ಧ್ವನಿ ಇದೆ. ಅದು ನಿನ್ನ ಅವ್ವನದೇ ಇರಬೇಕು.

ಹಳೆಯ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ತೌಡಿ ಎಂದಿದೆ. ಅದರ ಅರ್ಥ ಇಲ್ಲಿ ಯಾರಿಗೂ ಗೊತ್ತಿಲ್ಲ. ಹೂವಿನ ಹೆಸರೋ ದೇವತೆಯದೋ ಎಂದು ಯೋಚಿಸಿದ್ದೇನೆ.

ಜನವರಿಯಲ್ಲಿ ಮೂರು ವಾರ ರಜೆ ತೆಗೆದುಕೊಂಡಿದ್ದೇನೆ. ಟಿಕೆಟ್ ಆಗಿದೆ. ಬರುವ ಮೊದಲು ಅವಳನ್ನು ಒಂದು ವಿಷಯ ಕೇಳಿ ತಿಳಿಸು. ನನ್ನನ್ನು ಏಕೆ ಕೊಟ್ಟಳು? ಉತ್ತರ ಏನಿದ್ದರೂ ಬರೆ. ಸಿಹಿ ಮಾಡಬೇಡ.

ನಿನ್ನ,
ಸಿಗ್ನೆ

—

ಕೊಪ್ಪ
30 ಅಕ್ಟೋಬರ್ 2023

ಪ್ರೀತಿಯ ಸಿಗ್ನೆ ಅಕ್ಕ,

ದಸರಾ ರಜೆಗೆ ಮನೆಗೆ ಹೋಗಿದ್ದೆ. ಬಂದು ಐದು ದಿನವಾಯಿತು. ಇಂಟರ್ನಲ್ಸ್ ಇದೆ, ಏನೂ ಓದಲಾಗುತ್ತಿಲ್ಲ. ನೀವು ಸಿಹಿ ಮಾಡಬೇಡ ಎಂದಿರಿ, ಹಾಗಾಗಿ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೊದಲು ಒಂದು ಸುಳ್ಳು ಸರಿ ಮಾಡಬೇಕು. ನಿಮ್ಮ ಫೋಟೋ ನೋಡಿ ಅವ್ವ ಖುಷಿಪಟ್ಟಳು ಎಂದು ಬರೆದಿದ್ದೆನಲ್ಲ. ಅವಳು ಅದನ್ನು ಒಂದು ಸಲ ನೋಡಿ, ಬೋರಲು ಹಾಕಿ, "ಯಮುನಮ್ಮನ ಮಗಳು" ಅಂದಳು. ಅಷ್ಟೇ. ಅಪ್ಪ ಅವ್ವ ಮೊದಲು ಹಿರೇಕೊಡಿಗೆಯಲ್ಲಿ ಯಮುನಮ್ಮ ಎನ್ನುವವರ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು, ಅವರ ಮನೆ ಪಕ್ಕದಲ್ಲೇ ಇದ್ದರು. ಅವ್ವನಿಗೆ ಗಲಿಬಿಲಿಯಾಗಿದೆ ಎಂದುಕೊಂಡು ನಾನು ಅದನ್ನು ಬರೆಯಲಿಲ್ಲ.

ಈ ಸಲ ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿದೆ.

"ಅವ್ವ, ಅವಳನ್ನ ಯಾಕೆ ಕೊಟ್ಟೆ?"

"ಕೊಡ್ಲಿಲ್ಲ. ಮಾರಿದ್ದೆ."

"ಯಾರಿಗೆ?"

"ಯಮುನಮ್ಮಂಗೆ."

"ಎಷ್ಟಕ್ಕೆ?"

"ಒಂದು ಸೇರು ತೌಡಿಗೆ. ಅದಕ್ಕೇ ತೌಡಿ ಅನ್ನದು. ಎದ್ದು ಸ್ನಾನ ಮಾಡು ಹೋಗು, ನೀರು ಆರ್ತದೆ."

ಹೇಳುವಾಗ ಅವಳು ನಗುತ್ತಿದ್ದಳು ಅಕ್ಕ. ಮೊರದಿಂದ ಕಣ್ಣೆತ್ತಲೂ ಇಲ್ಲ.

ತೌಡು ಅಂದರೆ ಹೂವೂ ಅಲ್ಲ, ದೇವತೆಯೂ ಅಲ್ಲ. ಅಕ್ಕಿ ಮಿಲ್ಲಿನಲ್ಲಿ ಅಕ್ಕಿಯ ಮೇಲಿಂದ ಉದುರುವ ಪುಡಿ. ದನಕ್ಕೆ ಹಾಕುತ್ತಾರೆ. ಇದನ್ನು ಬರೆಯಲೋ ಬೇಡವೋ ಎಂದು ಐದು ದಿನ ಒದ್ದಾಡಿದೆ. ಆದರೆ ನಮ್ಮಿಬ್ಬರ ನಡುವೆ ಇನ್ನೊಂದು ಸುಳ್ಳು ಬೇಡ.

ನನ್ನನ್ನೂ ಹನ್ನೊಂದು ವರ್ಷಕ್ಕೇ ಟ್ರಂಕು ಕೊಟ್ಟು ಬಸ್ ಹತ್ತಿಸಿದಳು. ನನ್ನ ಲೆಕ್ಕಕ್ಕೆ ಎಷ್ಟು ತೌಡು ಬಂತೋ ಕೇಳಬೇಕು. ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೇನೆ. ಜನವರಿಯಲ್ಲಿ ನೀವು ಬನ್ನಿ, ನಾವಿಬ್ಬರೇ ಎಲ್ಲಾದರೂ ಸಿಗೋಣ.

ನಿಮ್ಮ ತಂಗಿ,
ಪವಿತ್ರಾ

—

ಆಲ್ಬೋರ್ಗ್
2 ಡಿಸೆಂಬರ್ 2023

ಪವಿತ್ರಾ,

ಪ್ರಾಮಾಣಿಕವಾಗಿ ಬರೆದದ್ದಕ್ಕೆ ಧನ್ಯವಾದ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಹದಿನೆಂಟು ತುಂಬಿದಾಗ ನನ್ನ ಕಡತ ನನ್ನ ಕೈಗೆ ಬಂತು. ಅದರಲ್ಲಿ ಹೀಗಿದೆ: "ಮಗುವನ್ನು ಕೇಳಿಕೊಂಡು ಬಂದ ಸಣ್ಣಕ್ಕ ಎಂಬ ಹೆಂಗಸು, ಮಗು ತನ್ನದಲ್ಲವೆಂದೂ ಅದನ್ನು ಮಾರಲಾಗಿದೆಯೆಂದೂ ಹೇಳಿ ಹೆಬ್ಬೆಟ್ಟು ಒತ್ತಿದ್ದಾಳೆ." ಇದರ ಮೇಲೆಯೇ ನನ್ನನ್ನು ಯಾರೂ ಇಲ್ಲದ ಮಗುವೆಂದು ಘೋಷಿಸಿದರು.

ನಾಲ್ಕು ವರ್ಷದಿಂದ ಈ ಸಾಲು ಸುಳ್ಳಿರಲಿ ಎಂದು ಕಾದೆ. ಯಾರೋ ಗುಮಾಸ್ತ ತಪ್ಪು ಬರೆದಿರಬೇಕು ಎಂದುಕೊಂಡೆ. ಅದಕ್ಕಾಗಿಯೇ ನಿನ್ನನ್ನು ಕೇಳಿದ್ದು. ಮಾರಿದ್ದನ್ನು ತಿಳಿದುಕೊಂಡಿದ್ದೆ. ದನದ ಆಹಾರಕ್ಕೆ ಎಂಬುದನ್ನು ತಿಳಿದಿರಲಿಲ್ಲ.

ಟಿಕೆಟ್ ರದ್ದು ಮಾಡಿದ್ದೇನೆ. ನಿನ್ನ ಮೇಲೆ ಕೋಪವಿಲ್ಲ.

ಸಿಗ್ನೆ

—

ಕೊಪ್ಪ
20 ಜನವರಿ 2024

ಸಿಗ್ನೆ ಅಕ್ಕ,

ದಯವಿಟ್ಟು ಈ ಪತ್ರವನ್ನು ಕೊನೆಯವರೆಗೆ ಓದಿ. ನಾನು ತಪ್ಪು ಮಾಡಿದ್ದೇನೆ. ಕಡತದ ಗುಮಾಸ್ತ ಮಾಡಿದ ತಪ್ಪನ್ನೇ ನಾನೂ ಮಾಡಿದೆ. ಅವನು ಹೊರಗಿನವನು. ನನಗೆ ಆ ನೆಪವೂ ಇಲ್ಲ.

ಸಂಕ್ರಾಂತಿ ಮುಗಿದ ಮಾರನೇ ದಿನ ಹಿರೇಕೊಡಿಗೆಗೆ ಯಮುನಮ್ಮನನ್ನು ಹುಡುಕಿಕೊಂಡು ಹೋದೆ. ಮಗುವನ್ನು ಕೊಂಡುಕೊಂಡವರ ಮುಖ ನೋಡಬೇಕಿತ್ತು, ಜಗಳ ಮಾಡಬೇಕಿತ್ತು. ಅವರಿಗೆ ಈಗ ಎಪ್ಪತ್ತು ದಾಟಿದೆ. ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದರು.

"ಸಣ್ಣಕ್ಕನ ಮಗಳಲ್ದಾ ನೀನು? ಎಂತ ಹುಡುಗಿ ಇಷ್ಟು ಒಣಗಿದೀಯ. ಹಾಸ್ಟೆಲಲ್ಲಿ ಊಟ ಹಾಕ್ತಾರಾ ಇಲ್ವಾ?"

ನಾನು ನೇರ ಕೇಳಿದೆ, ನನ್ನ ಅಕ್ಕನನ್ನು ನೀವು ಒಂದು ಸೇರು ತೌಡಿಗೆ ತಗೊಂಡಿರಾ ಎಂದು.

"ಹೌದು, ತಗಂಡೆ" ಅಂದರು. "ನಮ್ಮನೆ ಕೂಸು ಅದು. ಎಲ್ಲಿದೆ? ಸುದ್ದಿ ಬಂತಾ?"

ಹಾಗೆಂದವರೇ ಅಳಲು ಶುರು ಮಾಡಿದರು. ನನ್ನ ಜಗಳ ಅಲ್ಲಿಗೇ ನಿಂತುಹೋಯಿತು. ನಾನು ಪೆದ್ದಿಯ ಹಾಗೆ ಹಪ್ಪಳ ತಿರುವಿ ಹಾಕತೊಡಗಿದೆ. ಸ್ವಲ್ಪ ಸುಧಾರಿಸಿಕೊಂಡು ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಿನ್ನವ್ವಂಗೆ ಮೊದಲು ಎರಡು ಗಂಡು ಹುಟ್ಟಿ ತಿಂಗಳು ತುಂಬೋದ್ರೊಳಗೆ ಹೋದ್ವು. ಮೂರನೇದು ಇದು. ಹನ್ನೊಂದನೇ ದಿನ ಮೊರದಲ್ಲಿ ಮಲಗಿಸ್ಕಂಡು ನಮ್ಮನೆ ಬಾಗಿಲಿಗೆ ತಂದ್ಲು. ನಾನು ಒಂದು ಸೇರು ತೌಡು ಅಳೆದು ಕೊಟ್ಟೆ, ಕೂಸನ್ನ ತಗಂಡೆ. ಸಂಜೆಯೊಳಗೆ 'ನಮ್ಮನೆ ಕೂಸು ಕಣೆ, ನೀನು ಸಾಕಿ ಕೊಡು' ಅಂತ ಅವಳ ಮಡಿಲಿಗೇ ಹಾಕ್ದೆ. ಜವರಾಯ ಮೂರನೇ ಸಲ ಸಣ್ಣಕ್ಕನ ಮಗು ಹುಡುಕ್ಕಂಡು ಬಂದ್ರೆ ಅಲ್ಲಿರದು ಯಮುನಮ್ಮನ ಕೂಸು. ಅಷ್ಟೇ ಮೋಸ. ತೌಡಿಗೆ ಮಾರಿದ್ದು ಅಂದ್ರೆ ಅವನೂ ಅಸಡ್ಡೆ ಮಾಡ್ತಾನೆ. ಎಷ್ಟು ಮನೇಲಿ ಮಾಡಿಲ್ಲ ಹೇಳು. ಹಾಸ್ಟೆಲಲ್ಲಿ ಇದನ್ನೆಲ್ಲ ಹೇಳಿ ಕೊಡೋದಿಲ್ವಾ?"

ಹೇಳಿ ಕೊಡುವುದಿಲ್ಲ ಅಕ್ಕ.

ಮಾರಿದ ಮೇಲೆ ಅವ್ವ ನಿಮ್ಮನ್ನು ಎಲ್ಲಿಯೂ ತನ್ನ ಮಗಳು ಎನ್ನುವಂತಿಲ್ಲ. ಯಾರು ಕೇಳಿದರೂ ಯಮುನಮ್ಮನದು ಎನ್ನಬೇಕು. ನಿಮ್ಮನ್ನು "ಕೂಸೇ" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದದ್ದು ಅವರೇ. ಬೆಲ್ಲ ಕೊಡಲು ಕರೆಯುತ್ತಿದ್ದರಂತೆ. ಅದು ಅವ್ವನ ಧ್ವನಿ ಎಂದುಕೊಂಡಿದ್ದಿರಿ, ಕ್ಷಮಿಸಿ. ಅವ್ವ ಹೆಣ್ಣುಮಕ್ಕಳನ್ನೆಲ್ಲ ಕರೆಯುವುದು ಹುಡ್ಗಿ ಎಂದು.

ಇನ್ನು ಆಶ್ರಮದ ವಿಷಯ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ನಿಮಗೆ ಮೂರೂವರೆ ವರ್ಷವಿದ್ದಾಗ ಅವ್ವ ಹೆರಿಗೆಯಲ್ಲಿ ಸಾಯುವ ಹಾಗಾಗಿ ಮೂರು ತಿಂಗಳು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಅಪ್ಪ ಜೊತೆಗಿದ್ದರು. ಯಮುನಮ್ಮ ಮಗಳ ಬಾಣಂತನಕ್ಕೆ ನರಸಿಂಹರಾಜಪುರಕ್ಕೆ ಹೋಗಿದ್ದರು. ಯಾರೋ ನಿಮ್ಮನ್ನು ಆಶ್ರಮದಲ್ಲಿ ಬಿಟ್ಟರು, ಗುಣವಾದ ಮೇಲೆ ಕರೆದುಕೊಂಡು ಹೋಗಿ ಎಂದು. ಅವ್ವ ಎದ್ದು ಓಡಾಡುವಂತಾದ ಕೂಡಲೇ ಹೋದಳು. ನಿಮ್ಮನ್ನು ಎದುರಿಗೆ ನಿಲ್ಲಿಸಿ, "ಇದು ನಿನ್ನ ಮಗೂನಾ?" ಎಂದು ಕೇಳಿದರಂತೆ. ಅವಳು ನಕ್ಕು, "ಅಲ್ಲ, ಯಮುನಮ್ಮಂದು, ತೌಡಿಗೆ ಮಾರಿದೀನಿ, ಸಾಕ್ತಿರೋದು ನಾನು" ಅಂದಳು. ನಮ್ಮೂರಲ್ಲಿ ಯಾರಿಗೇ ಹೇಳಿದರೂ, ಓ ನಿನ್ನ ಮಗಳಾ, ಕರ್ಕಂಡು ಹೋಗು ಅನ್ನುತ್ತಿದ್ದರು. ಆಶ್ರಮದವರು ಬರೆದುಕೊಂಡರು. ಯಮುನಮ್ಮನನ್ನು ಕರೆದುಕೊಂಡು ಬಾ ಅಂದರು. ಇಬ್ಬರೂ ಹೋಗುವಷ್ಟರಲ್ಲಿ ನಿಮ್ಮನ್ನು ಬೇರೆ ಊರಿಗೆ ಕಳಿಸಿಯಾಗಿತ್ತು. ಬಾಗಿಲಲ್ಲಿ ನಿಂತವರಿಗೆ ಯಾರೂ ಯಾವ ಊರು ಎಂದು ಹೇಳಲಿಲ್ಲ.

ಆ ಹೆರಿಗೆಯಲ್ಲಿ ಹುಟ್ಟಿದ್ದು ನಾನು. ನನ್ನನ್ನು ಮಾರಿರಲಿಲ್ಲ.

ಅವ್ವ ನಿಮ್ಮನ್ನು ಮಾರಿದ್ದು ಉಳಿಸಿಕೊಳ್ಳಲು. ಟಿಕೆಟ್ ಮತ್ತೆ ಮಾಡಿ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಪವಿತ್ರಾ

—

ಆಲ್ಬೋರ್ಗ್
6 ಮಾರ್ಚ್ 2024

ಪ್ರಿಯ ಪವಿತ್ರಾ,

ನಿನ್ನ ಪತ್ರವನ್ನು ಮ್ಯಾಡ್ಸ್‌ಗೆ ಓದಿ ಹೇಳಿದೆ. ಅವನು ಸುಂದರವಾದ ಕಥೆ ಎಂದ. ನನಗೆ ಹೆದರಿಕೆಯಾದದ್ದು ಆ ಮಾತಿನಿಂದಲೇ.

ಇಲ್ಲಿ ನನ್ನಂತೆ ದತ್ತು ಬಂದವರ ಒಂದು ಗುಂಪಿದೆ. ಊರಿನವರು ನಾವು ಏನು ಕೇಳಲು ಬಯಸುತ್ತೇವೋ ಅದನ್ನೇ ಹೇಳುತ್ತಾರೆ ಎಂದು ಅವರು ಎಚ್ಚರಿಸುತ್ತಾರೆ. ನೀನು ಅಕ್ಟೋಬರಿನಲ್ಲಿ ಒಂದು ಬರೆದೆ, ಜನವರಿಯಲ್ಲಿ ಇನ್ನೊಂದು. ನಡುವೆ ನಾನು ಟಿಕೆಟ್ ರದ್ದು ಮಾಡಿದ್ದೆ. ನನ್ನ ಜಾಗದಲ್ಲಿದ್ದರೆ ಯಾವುದನ್ನು ನಂಬುತ್ತಿದ್ದೆ?

ಆದರೂ ನಂಬಬೇಕೆಂದಿದೆ. ಆದ್ದರಿಂದ ಸಂಸ್ಥೆಯವರ ಬಳಿ ವಿಡಿಯೋ ಕರೆಗೆ ವಿಶೇಷ ಅನುಮತಿ ಪಡೆದಿದ್ದೇನೆ, ಏಪ್ರಿಲ್ 14ಕ್ಕೆ. ಶ್ವೇತ ಅವರು ಅನುವಾದಿಸುತ್ತಾರೆ. ನನಗೆ ಎರಡೇ ಪ್ರಶ್ನೆಗಳಿವೆ. ನನ್ನನ್ನು ಮಾರಿದೆಯಾ? ನಾನು ನಿನ್ನ ಮಗಳಾ? ರಕ್ತದ ಸಂಗತಿ ಪರೀಕ್ಷೆಯಿಂದ ಗೊತ್ತಾಗಿದೆ, ಬೇಕಾದದ್ದು ಅದಲ್ಲ. ಅವಳ ಬಾಯಿಂದ ಒಮ್ಮೆ ಕೇಳಬೇಕು. ಕೇಳಿದ ಮಾರನೆಯ ದಿನ ಟಿಕೆಟ್ ಮಾಡುತ್ತೇನೆ.

ಸಿಗ್ನೆ

—

ಕೊಪ್ಪ
25 ಮಾರ್ಚ್ 2024

ಪ್ರೀತಿಯ ಅಕ್ಕ,

ಅವ್ವ ರೆಡಿ ಇದ್ದಾಳೆ. ಎರಡೂ ಪ್ರಶ್ನೆ ಹೇಳಿದ್ದೇನೆ, ಉತ್ತರವೂ ಗೊತ್ತು. ನೀಲಿ ಸೀರೆ ಉಡುತ್ತಾಳೆ. ನೀವು ಟೆನ್ಷನ್ ಮಾಡಿಕೊಳ್ಳಬೇಡಿ, ಎಲ್ಲ ಸರಿಯಾಗುತ್ತದೆ. ನಾನು ಪಕ್ಕದಲ್ಲೇ ಇರುತ್ತೇನೆ.

ಮೇ ತಿಂಗಳಲ್ಲಿ ಬಂದರೆ ಹಲಸಿನ ಹಣ್ಣು ಇರುತ್ತದೆ.

ನಿಮ್ಮ ತಂಗಿ,
ಪವಿತ್ರಾ

—

ಆಲ್ಬೋರ್ಗ್
30 ಏಪ್ರಿಲ್ 2024

ಪವಿತ್ರಾ,

ಎರಡು ವಾರ ಕಾದು ಬರೆಯುತ್ತಿದ್ದೇನೆ, ಕಹಿಯಲ್ಲಿ ಬರೆಯಬಾರದೆಂದು. ಆದರೆ ಅದು ಕಡಿಮೆಯಾಗಲಿಲ್ಲ.

ನೀನೂ ಅಲ್ಲಿದ್ದೆ. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ. ಶ್ವೇತ ಅವರು ಮೊದಲ ಪ್ರಶ್ನೆ ಕೇಳಿದರು. ಅವಳು "ಹೌದು, ಮಾರಿದ್ದೆ" ಎಂದಳು. ಎರಡನೆಯದನ್ನು ಕೇಳಿದರು. ನೀನು ಅವಳ ಭುಜ ಅದುಮಿದ್ದು ಕಾಣಿಸಿತು. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನಂತರ "ಅಲ್ಲ" ಎಂದಳು. ಈಗ ಆ ಪದ ನನಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ. ಅರ್ಥವಾಗುವ ಕನ್ನಡ ಪದಗಳು ಮೂರಾದವು: ಕೂಸೇ, ಅಕ್ಕ, ಅಲ್ಲ.

ಅವಳು ನನ್ನನ್ನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಮದುವೆ ಆಗಿದೆಯಾ ಎಂದು. ಹತ್ತೊಂಬತ್ತು ವರ್ಷಗಳ ನಂತರ. ಹೇಗಿದ್ದೀಯ ಎಂದಲ್ಲ, ಊಟ ಮಾಡಿದೆಯಾ ಎಂದೂ ಅಲ್ಲ. ನಾನು ಇಲ್ಲ ಎಂದೆ, ಅದರಲ್ಲಿ ನನಗೆ ನಂಬಿಕೆ ಇಲ್ಲ ಎಂದೂ ಹೇಳಿದೆ. ಅವಳ ಮುಖ ಬಾಡಿತು. ನನ್ನ ಬಗ್ಗೆ ಅವಳಿಗೆ ಇದ್ದ ಬೇಸರ ಅದೊಂದೇ.

ನಿನ್ನ ಜನವರಿಯ ಪತ್ರ ನನ್ನ ತಲೆಗೆ ಅರ್ಥವಾಗುತ್ತದೆ. ಆದರೆ ಈಗ ಕಿವಿಯಿಂದ ಕೇಳಿದ್ದೇನೆ. ಕಡತವನ್ನು ಮುಚ್ಚಲು ಸಂಸ್ಥೆಗೆ ಬರೆದಿದ್ದೇನೆ. ಚೆನ್ನಾಗಿ ಓದು.

ಸಿಗ್ನೆ

—

ಕೊಪ್ಪ
9 ಜೂನ್ 2024

ಅಕ್ಕ,

ಈ ಪತ್ರ ನಿಮಗೆ ತಲುಪುವುದಿಲ್ಲ. ಕಡತದಲ್ಲಿ ಇಡುತ್ತೇವೆ, ಅವರಾಗಿ ಕೇಳಿದರೆ ಕೊಡುತ್ತೇವೆ ಎಂದು ಯಶವಂತ ಸರ್ ಹೇಳಿದ್ದಾರೆ. ಹಾಗಾಗಿ ಹೆದರದೆ ಬರೆಯುತ್ತಿದ್ದೇನೆ. ಮೊದಲ ಸಲ.

ಮಾರ್ಚಿನ ನನ್ನ ಪತ್ರ ಸುಳ್ಳು. ಅವ್ವ ಒಪ್ಪಿರಲಿಲ್ಲ. ಹತ್ತು ದಿನ ಜಗಳವಾಡಿದ್ದೆವು. "ಅದೆಲ್ಲ ಮೂಢನಂಬಿಕೆ" ಎಂದು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. "ಆ ಎರಡು ಮಕ್ಕಳು ಯಾಕೆ ಹೋದ್ವು ಅಂತ ನಿನ್ನ ಪುಸ್ತಕದಲ್ಲಿ ಬರ್ದಿದಾರಾ?" ಎಂದು ಕೇಳಿದಳು. ಎದುರಿಗೆ ನಿಮ್ಮ ಮುಖ ಕಂಡರೆ ಕರಗುತ್ತಾಳೆ ಎಂದುಕೊಂಡು ಸಂಸ್ಥೆಯ ಆಫೀಸಿಗೆ ಕರೆದುಕೊಂಡು ಹೋದೆ.

ಕರಗಿದ್ದಳು. ಅದೇ ಆದ ತೊಂದರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಒಂದೇ ಒಂದು ಸಲ ಹೂಂ ಅಂದಿದ್ರೆ ಎಂತ ಆಗ್ತಿತ್ತು ಅವ್ವ?"

"ಅವಳು ಬದ್ಕಿದಾಳಲ್ಲ ಹುಡ್ಗಿ. ಕಣ್ಣೆದುರಿಗೇ ಇದ್ಲಲ್ಲ, ಅಷ್ಟು ಚೆಂದಾಗಿ, ಹಲ್ಲೆಲ್ಲ ಸಮ ಇದೆ. ಅದು ಯಾವುದ್ರಿಂದ ಅಂತ ಮಾಡಿದೀಯ? ಇಪ್ಪತ್ತೆರಡು ವರ್ಷ ಬಾಯಿ ಬಿಗಿ ಹಿಡಿದಿದ್ದು. ನೋಡಿದ ಖುಷಿಗೆ ಬಿಟ್ಟುಬಿಡ್ಲಾ?"

ಟಿಕೆಟ್ ಕೊಡಲು ಬಂದ ಕಂಡಕ್ಟರ್, "ಎಂತ ಅಮ್ಮ, ಮಗಳಿಗೆ ಬೈತಿದೀರಾ?" ಅಂದ. ಅವ್ವ ಅವನಿಗೆ ಹೇಳಿದಳು, "ಇವಳಿಗೆ ಬೈಬೋದು. ಇವಳು ನಂದೇ."

ಇನ್ನೊಂದು ವಿಷಯ. ಯಮುನಮ್ಮ ಹೇಳಿದ್ದ ಒಂದು ಮಾತನ್ನು ನಾನು ಜನವರಿಯ ಪತ್ರದಲ್ಲಿ ಬಿಟ್ಟಿದ್ದೆ. ಪತ್ರ ಉದ್ದವಾಗುತ್ತಿತ್ತು, ಮುಖ್ಯವಲ್ಲ ಎಂದುಕೊಂಡೆ. ಮಾರಿದ ಮಗುವನ್ನು ಬಿಡಿಸಿಕೊಳ್ಳಬಹುದಂತೆ. ಮಗಳಿಗೆ ಮದುವೆಯಾದ ದಿನ ಕೊಂಡವರಿಗೆ ಅದೇ ಸೇರಿನಲ್ಲಿ ತೌಡು ಅಳೆದು ವಾಪಸ್ ಕೊಡಬೇಕು. ಅವತ್ತಿನಿಂದ ನನ್ನ ಮಗಳು ಎಂದು ಬಾಯಿ ತುಂಬ ಹೇಳಬಹುದು. ಅವ್ವ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಸೇರು ತೌಡು ಇಟ್ಟಿದ್ದಾಳೆ. ಹುಳ ಬೀಳುತ್ತದೆ ಎಂದು ಪ್ರತಿ ವರ್ಷ ಕುಯ್ಲಾದ ಮೇಲೆ ಬದಲಿಸುತ್ತಾಳೆ. ಅದು ಕೋಳಿಗೆ ಎಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಕೋಳಿ ಇಲ್ಲ.

ಅವಳು ನಿಮ್ಮನ್ನು ಮದುವೆ ಆಗಿದೆಯಾ ಎಂದು ಕೇಳಿದ್ದು ಅದಕ್ಕೆ. ನೀವು ಹೌದು ಅಂದಿದ್ದರೆ ಅವಳೂ ಹೌದು ಅನ್ನುತ್ತಿದ್ದಳು. ಅವತ್ತು ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಚೀಲದಲ್ಲಿ ತಂದಿದ್ದಳು. ನನಗೂ ತೋರಿಸಲಿಲ್ಲ, ಮನೆಗೆ ಬಂದು ಚೀಲ ಬಿಚ್ಚಿದಾಗ ಕಂಡಿತು.

ಮ್ಯಾಡ್ಸ್ ವಿಷಯ ನೀವು ಸೆಪ್ಟೆಂಬರಿನಲ್ಲೇ ಬರೆದಿದ್ದಿರಿ. ನಾಲ್ಕು ವರ್ಷ, ಒಂದೇ ಮನೆ. ಅವ್ವ ಏನೆಂದುಕೊಳ್ಳುತ್ತಾಳೋ ಎಂದು ಅದನ್ನು ಅವಳಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ಅವಳ ಲೆಕ್ಕದಲ್ಲಿ ಅದು ಮದುವೆಯೇ ಆಗುತ್ತಿತ್ತೋ ಏನೋ. ಈಗ ಹೇಳಲು ಭಯ.

ನಿಮ್ಮ ಮೇಲೂ ನನಗೆ ಸಿಟ್ಟಿದೆ ಅಕ್ಕ. ಇದು ನಿನ್ನ ಮಗಳಾ ಎಂದು ಅವ್ವನನ್ನು ಜೀವಮಾನದಲ್ಲಿ ಎರಡು ಸಲ ಕೇಳಿದ್ದಾರೆ, ಎರಡು ಸಲವೂ ನಡುವೆ ಕಾಗದ ಹಿಡಿದ ಒಬ್ಬರನ್ನು ಕೂರಿಸಿಕೊಂಡು. ಎರಡನೇ ಸಲ ಕೇಳಿದ್ದು ನೀವು.

ಶ್ವೇತ ಮೇಡಂ, ಇದನ್ನು ಎಂದಾದರೂ ಇಂಗ್ಲಿಷ್ ಮಾಡಬೇಕಾಗಿ ಬಂದರೆ, ಮಾರಿದ್ದೆ ಎನ್ನುವುದಕ್ಕೆ ಸೋಲ್ಡ್ ಎಂದು ಹಾಕಬೇಡಿ. ಬೇರೆ ಪದ ಯಾವುದು ಎಂದು ನನ್ನನ್ನು ಕೇಳಬೇಡಿ. ಡಿಕ್ಷನರಿಯಲ್ಲಿ ಹುಡುಕಿದೆ, ಇಲ್ಲ.

ಅಕ್ಕ, ಮಳೆ ಬೀಳುವ ಮೊದಲು ಅವ್ವ ಡಬ್ಬಿಯನ್ನು ಬಿಸಿಲಿಗೆ ಇಟ್ಟಿದ್ದಳು. ನೀವು ಬರುವುದು ಬೇಡ, ಪತ್ರವೂ ಬೇಡ. ಮದುವೆಯಾದರೆ ಸಂಸ್ಥೆಗೆ ಒಂದು ಮಾತು ತಿಳಿಸಿ. ಹಿರೇಕೊಡಿಗೆಗೆ ಬೆಳಿಗ್ಗೆ ಎಂಟಕ್ಕೆ ಬಸ್ಸಿದೆ. ಯಮುನಮ್ಮನಿಗೆ ವಯಸ್ಸಾಗಿದೆ.

ಪವಿತ್ರಾ